ಇದು ಬೆರಳಚ್ಚು ಯಂತ್ರವಲ್ಲ

ನಾವು ಬರೆದ ಕಾಗದ ಸೇರಬೇಕಾದವರನ್ನು ಸೇರದೆ ನಮ್ಮ ಮನೆಗೇ ಹಿಂದಿರುಗುವುದುಂಟು. ಅಂಥ ಕಾಗದದ ಮೇಲೆ ಅಂಚೆಯವರು ಒಂದು ಷರಾ ಬರೆದಿರುತ್ತಾರೆ: ವಿಳಾಸ ಪೂರ್ತಿಯಾಗಿಲ್ಲ, ವಿಳಾಸದಾರರು ಊರು ಬಿಟ್ಟಿದ್ದಾರೆ, ತೆಗೆದುಕೊಳ್ಳಲು ಒಪ್ಪಲಿಲ್ಲ. ಓದಿ ಮನಸ್ಸಿಗೆ ಬೇಸರವಾಗಬಹುದು. ಆದರೆ ನಡೆದದ್ದೇನೆಂಬುದು ತಿಳಿಯುತ್ತದೆ, ಮುಂದೇನು ಮಾಡಬೇಕೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ಅದರ ಬದಲು ಆ ಲಕೋಟೆಯ ಮೇಲೆ 'ಇದು ಬೆರಳಚ್ಚು ಯಂತ್ರವಲ್ಲ' ಎಂದು ಬರೆದಿದ್ದರೆ ಏನೆಂದು ತಿಳಿಯಬೇಕು? ನಾವು ಕಾಗದ ಬರೆದದ್ದು ಸೋದರಮಾವನಿಗೆ. ಆತ ಬೆರಳಚ್ಚು ಯಂತ್ರವಲ್ಲವೆಂಬುದು ನಮಗೆ ಮೊದಲೇ ಗೊತ್ತಿತ್ತು.

ಇದು ಹಾಸ್ಯಕ್ಕಾಗಿ ಕಟ್ಟಿದ ಮಾತಲ್ಲ. ಯೂನಿಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುತ್ತಿದ್ದ ಗಣಕಗಳಲ್ಲಿ ವಿದ್ಯುನ್ಮಾನ ಅಂಚೆಯನ್ನು ಸಾಗಿಸುತ್ತಿದ್ದ ಪ್ರೋಗ್ರಾಮಿನ ಹೆಸರು ಸೆಂಡ್‌ಮೇಲ್. ಎರಿಕ್ ಆಲ್ಮನ್ ಎಂಬಾತ ಅಮೆರಿಕದ ಬರ್ಕ್ಲಿಯಲ್ಲಿದ್ದಾಗ ಬರೆದದ್ದು. ತಲುಪದ ಕಾಗದವನ್ನು ಅದು ಬರೆದವರಿಗೆ ಮರಳಿಸುವಾಗ ಕೆಲವೊಮ್ಮೆ ಲಗತ್ತಿಸುತ್ತಿದ್ದ ಷರಾ ಇದೇ: 'ನಾಟ್ ಎ ಟೈಪ್‌ರೈಟರ್.' ಆ ಷರಾ ಓದಿ ತಬ್ಬಿಬ್ಬಾದವರು ಒಬ್ಬಿಬ್ಬರಲ್ಲ. ಅದರ ಗುಟ್ಟನ್ನು ಮುಂದೆ ಬಿಡಿಸುತ್ತೇನೆ. ಅದಕ್ಕೆ ಮೊದಲು ನನ್ನನ್ನು ಈ ವಿಷಯಕ್ಕೆ ಎಳೆತಂದ ಒಂದು ಪ್ರಸಂಗವನ್ನು ತಮ್ಮ ಮುಂದಿಡಬೇಕು.

ನಮ್ಮೂರಿನಲ್ಲಿ ಒಂದು ಸಣ್ಣ ಗ್ರಂಥಾಲಯವಿದೆ. ಹೆಸರು ಬೇಡ. ಮೇಷ್ಟರಿಕೆಯಿಂದ ನಿವೃತ್ತನಾದ ಮೇಲೆ ನಾನು ವಾರದಲ್ಲಿ ಮೂರು ದಿನ ಅಲ್ಲಿಗೆ ಹೋಗಿ ಕೂಡುತ್ತೇನೆ. ಪುಸ್ತಕಗಳ ಪಟ್ಟಿಯನ್ನು ಗಣಕಕ್ಕೆ ಏರಿಸುವ ಕೆಲಸ ಒಬ್ಬ ಹೆಣ್ಣುಮಗಳದು. ಲಿನಕ್ಸ್ ಹಾಕಿದ ಹಳೆಯ ಗಣಕ. ತಾವೆಲ್ಲ ನೋಡಿರುವಂತೆ ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಗಣಕಗಳುಂಟು. ಅದಲ್ಲದೆ, ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗೆರೆಯ ಮುಂದೆ ಅಕ್ಷರಗಳಲ್ಲಿ ಆಜ್ಞೆಯನ್ನು ಬರೆದು ಕೆಲಸ ಮಾಡಿಸುವ ಹಳೆಯ ಪದ್ಧತಿಯೂ ಉಂಟು. ಹಳೆಯದೆಂದೆ, ಸತ್ತದ್ದೆಂದು ಹೇಳಲಿಲ್ಲ. ಇಂದಿಗೂ ಜಗತ್ತಿನ ಜಾಲತಾಣಗಳನ್ನು ಹೊತ್ತು ನಿಂತಿರುವ ಯಂತ್ರಗಳ ಮೇಲ್ವಿಚಾರಣೆ ಬಹುಪಾಲು ಈ ಕಪ್ಪು ಪರದೆಯಿಂದಲೇ ನಡೆಯುತ್ತದೆ. ನಮ್ಮ ಗ್ರಂಥಾಲಯದಲ್ಲಿ ಅದರ ಉಪಯೋಗ ಇಷ್ಟೇ: ಹದಿನೈದು ದಿನಕ್ಕೊಮ್ಮೆ ಪುಸ್ತಕದ ಪಟ್ಟಿಗೆ ಒಂದು ನಕಲು ತೆಗೆದು ಬೇರೆ ಕಡೆ ಇರಿಸುವುದು. ಅದಕ್ಕೆಂದು ಹತ್ತು ಹನ್ನೆರಡು ಸಾಲಿನ ಆಜ್ಞೆಗಳ ಒಂದು ಕಡತವಿತ್ತು. ಸ್ಕ್ರಿಪ್ಟ್ ಎಂದು ಅದಕ್ಕೆ ಹೆಸರು. ಒಂದು ಸಣ್ಣ ಪ್ರೋಗ್ರಾಂ ಆ ಸ್ಕ್ರಿಪ್ಟನ್ನು ಕರೆಯುತ್ತಿತ್ತು.

ಆ ದಿನಗಳಲ್ಲಿ ಊರಿನ ಹಿರಿಯ ಉಪಾಧ್ಯಾಯರೊಬ್ಬರು ತೀರಿಕೊಂಡು, ಅವರ ಮನೆಯವರು ಮುನ್ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದರು. ಪುಸ್ತಕದ ಅಂಚಿನಲ್ಲಿ ಸೀಸದಕಡ್ಡಿಯಿಂದ ಟಿಪ್ಪಣಿ ಬರೆಯುವ ಅಭ್ಯಾಸ ಅವರಿಗೆ. ಪುಸ್ತಕದ ಹೆಸರು, ಕರ್ತೃ, ವರ್ಷಗಳನ್ನು ಬರೆದು ಸುಮ್ಮನಾಗದೆ, ಯಾವ ಪುಟದ ಅಂಚಿನಲ್ಲಿ ಏನಿದೆ ಎಂಬುದನ್ನೂ ಒಂದೆರಡು ಮಾತಿನಲ್ಲಿ ಆಕೆ ನಮೂದಿಸುತ್ತಿದ್ದಳು. ಯಾರೂ ಹೇಳಿದ ಕೆಲಸವಲ್ಲ. ಹದಿನೈದು ದಿನ ಹೀಗೆ ದುಡಿದು, ನಕಲು ತೆಗೆಯುವ ದಿನ ಬಂತು. ನಕಲನ್ನಿಡುವ ಜಾಗದ ಹೆಸರು ಬದಲಾಗಿತ್ತಾದ್ದರಿಂದ, ಪಕ್ಕದ ಮೇಜಿನ ವಿಂಡೋಸ್ ಗಣಕದಲ್ಲಿ ಸ್ಕ್ರಿಪ್ಟನ್ನು ತೆರೆದು ಒಂದೇ ಒಂದು ಪದವನ್ನು ತಿದ್ದಿ ಮರಳಿ ತಂದಳು. ಸಂಜೆ ಆಜ್ಞೆ ಕೊಟ್ಟರೆ ಪರದೆಯ ಮೇಲೆ ಬಂದದ್ದು: 'ನೋ ಸಚ್ ಫೈಲ್ ಆರ್ ಡೈರೆಕ್ಟರಿ.' ಅಂಥ ಕಡತವೇ ಇಲ್ಲ.

ಆಕೆ ಪಟ್ಟಿ ಮಾಡಿಸಿ ನೋಡಿದಳು. ಕಡತ ಇದೆ. ಮತ್ತೆ ಆಜ್ಞೆ ಕೊಟ್ಟಳು. ಇಲ್ಲ. ತೆರೆದು ಓದಿದಳು, ಅಕ್ಷರಕ್ಕೆ ಅಕ್ಷರ ಸರಿಯಾಗಿದೆ. ಮತ್ತೆ ಆಜ್ಞೆ. ಇಲ್ಲ. ಯಾರನ್ನೋ ದೂರವಾಣಿಯಲ್ಲಿ ಕೇಳಿದಾಗ, ಡಿಸ್ಕು ಕೆಟ್ಟಿರಬೇಕು, ಇನ್ನಷ್ಟು ಕಡತಗಳು ಹೋಗುವ ಮೊದಲೇ ಹಳೆಯ ನಕಲನ್ನು ಮರಳಿ ಹಾಕಿಬಿಡಿ ಎಂಬ ಸಲಹೆ ಬಂತು. ಗಾಬರಿಯಲ್ಲಿದ್ದವರಿಗೆ ಸಲಹೆಯೇ ಒಂದು ಊರುಗೋಲು. ಹಿಂದಿನ ಪಾಳಿಯ ನಕಲನ್ನು ತಂದು ಇಡೀ ಪಟ್ಟಿಯ ಮೇಲೆ ಹಾಕಿದಳು. ಹದಿನೈದು ದಿನದ ನಮೂದುಗಳು ಹೇಳಹೆಸರಿಲ್ಲದೆ ಹೋದವು. ಮರುದಿನ ನಾನು ಹೋದಾಗ ಆಕೆ ಕಣ್ಣೊರೆಸಿಕೊಳ್ಳುತ್ತ, "ಮೇಷ್ಟ್ರೆ, ಕಣ್ಣೆದುರಿಗೆ ಇರೋದನ್ನ ಇಲ್ಲ ಅನ್ನುತ್ತೆ. ನಾನೇ ಏನೋ ಮಾಡಬಾರದ್ದು ಮಾಡಿಬಿಟ್ಟೆ" ಎಂದಳು.

ಆಕೆ ಮಾಡಬಾರದ್ದನ್ನೇನೂ ಮಾಡಿರಲಿಲ್ಲ. ಓದಿದ ಮಾತನ್ನು ನಂಬಿದಳು, ಅಷ್ಟೆ. ಅದು ತಪ್ಪಾಗಿ ಪರಿಣಮಿಸಿದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಸ್ಕ್ರಿಪ್ಟ್ ಎಂಬುದು ತನ್ನಷ್ಟಕ್ಕೆ ತಾನು ನಡೆಯುವ ವಸ್ತುವಲ್ಲ. ಅದನ್ನು ಓದಿ, ಅರ್ಥಮಾಡಿಕೊಂಡು, ನಡೆಸಿಕೊಡಲು ಇನ್ನೊಂದು ಪ್ರೋಗ್ರಾಂ ಬೇಕು. ಗಮಕ ವಾಚನವನ್ನು ನೆನೆದುಕೊಳ್ಳಿ: ಕಾವ್ಯ ಪೀಠದ ಮೇಲಿದೆ, ಆದರೆ ಓದಿ ವ್ಯಾಖ್ಯಾನ ಮಾಡುವವರು ಬಂದ ಹೊರತು ಸಭೆಗೆ ಕಾವ್ಯವಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ, 'ಇದನ್ನು ಓದತಕ್ಕವರು ಇಂಥವರು, ಅವರ ಮನೆ ಇಂಥ ಬೀದಿಯಲ್ಲಿ' ಎಂದು ಬರೆದಿರುತ್ತದೆ. ಗಣಕದ ಒಳಗಿರುವ ಮೂಲ ವ್ಯವಸ್ಥೆ, ಎಂದರೆ ಕರ್ನೆಲ್, ಆ ಸಾಲನ್ನು ನೋಡಿ ವ್ಯಾಖ್ಯಾನಕಾರರನ್ನು ಕರೆತರಲು ಹೋಗುತ್ತದೆ. ಆ ಹೆಸರಿನವರು ಸಿಗದಿದ್ದರೆ ಹಿಂದಕ್ಕೆ ಬಂದು, 'ಅಂಥವರು ಇಲ್ಲ' ಎನ್ನುತ್ತದೆ. ಯಾರು ಇಲ್ಲ ಎಂಬುದನ್ನು ಹೇಳುವುದಿಲ್ಲ. ಸಭೆಯಲ್ಲಿ ಕೂತವರು ಕಾವ್ಯವೇ ಇಲ್ಲವೆಂದು ತಿಳಿದು ಎದ್ದುಹೋಗುತ್ತಾರೆ.

ನಮ್ಮ ಸ್ಕ್ರಿಪ್ಟಿನಲ್ಲಿ ವ್ಯಾಖ್ಯಾನಕಾರರ ಹೆಸರು ಸರಿಯಾಗಿಯೇ ಇತ್ತಲ್ಲ? ಕಣ್ಣಿಗೆ ಸರಿಯಾಗಿತ್ತು. ಕಾಣದ ಅಕ್ಷರಗಳನ್ನೂ ತೋರಿಸು ಎಂದು ಗಣಕಕ್ಕೆ ಹೇಳಿದಾಗ, ಪ್ರತಿ ಸಾಲಿನ ತುದಿಯಲ್ಲೂ ಒಂದು ಟೋಪಿಯ ಗುರುತು ಮತ್ತು ಎಮ್ ಅಕ್ಷರ ಕಾಣಿಸಿಕೊಂಡವು. ಹೆಸರಿನ ಕೊನೆಗೆ ಒಂದು ಅದೃಶ್ಯಾಕ್ಷರ ಅಂಟಿತ್ತು. ಅದನ್ನು ಸೇರಿಸಿಕೊಂಡು ಓದಿದರೆ ಆ ಹೆಸರಿನವರು ಗಣಕದಲ್ಲಿ ಯಾರೂ ಇಲ್ಲ. ಕರ್ನೆಲ್ ಹೇಳಿದ್ದು ನಿಜವೇ. ನಿಜವನ್ನೇ ಹೇಳಿ ದಾರಿ ತಪ್ಪಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಅದೃಶ್ಯಾಕ್ಷರದ ಹುಟ್ಟು ಬೆರಳಚ್ಚು ಯಂತ್ರದಲ್ಲಿದೆ. ಟೈಪಿಂಗ್ ಕಲಿತವರಿಗೆ ನೆನಪಿರಬಹುದು: ಸಾಲು ಮುಗಿಯಬಂದಾಗ ಕಿಣಿ ಎಂದು ಗಂಟೆ ಬಾರಿಸುತ್ತದೆ, ಎಡಗೈಯಿಂದ ಸನ್ನೆಯನ್ನು ತಳ್ಳಿದರೆ ಕಾಗದ ಒಂದು ಸಾಲು ಮೇಲೇರುತ್ತದೆ, ಕಾಗದವನ್ನು ಹೊತ್ತ ಗಾಡಿ ಸಾಲಿನ ಮೊದಲಿಗೆ ಬಂದು ನಿಲ್ಲುತ್ತದೆ. ಒಂದು ತಳ್ಳಿಗೆ ಎರಡು ಕೆಲಸ. ತಂತಿಯ ಮೂಲಕ ದೂರದಲ್ಲಿ ಅಚ್ಚಾಗುವ ಟೆಲಿಪ್ರಿಂಟರುಗಳಲ್ಲಿ ಈ ಎರಡಕ್ಕೂ ಬೇರೆಬೇರೆ ಸಂಕೇತಗಳನ್ನಿಟ್ಟರು: ಗಾಡಿ ಹಿಂದಕ್ಕೆ ಬರಲು 13, ಕಾಗದ ಏರಲು 10. ಸಾಲಿನ ತುದಿಯಿಂದ ಮೊದಲಿಗೆ ಬರಲು ಯಂತ್ರಕ್ಕೆ ಒಂದು ಅಕ್ಷರ ಅಚ್ಚಾಗುವಷ್ಟರಲ್ಲಿ ಸಾಧ್ಯವಾಗುತ್ತಿರಲಿಲ್ಲವಾದ್ದರಿಂದ, ಎರಡು ಸಂಕೇತಗಳನ್ನು ಕಳಿಸುವುದರಿಂದ ಅದಕ್ಕೆ ಉಸಿರು ತೆಗೆದುಕೊಳ್ಳಲು ವ್ಯವಧಾನವೂ ಸಿಗುತ್ತಿತ್ತು. ಯೂನಿಕ್ಸ್ ಕಟ್ಟಿದವರು ಕಡತದೊಳಗೆ 10 ಒಂದೇ ಸಾಕೆಂದರು. ಡಾಸ್ ಮತ್ತು ಅದರ ವಂಶದ ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಆಕೆ ಒಂದು ಪದ ತಿದ್ದಿದಾಗ ಪಕ್ಕದ ಮೇಜಿನ ಗಣಕ ತನ್ನ ಕುಲಾಚಾರದಂತೆ ಪ್ರತಿ ಸಾಲಿನ ಕೊನೆಗೂ 13ನ್ನು ಸೇರಿಸಿ ಕಳಿಸಿತು. ಎಂದೋ ಮೂಲೆಗೆ ಸೇರಿದ ಯಂತ್ರದ ಗಾಡಿಯೊಂದು, ಇಲ್ಲದ ಹಳಿಯ ಮೇಲೆ ಹಿಂದಕ್ಕೆ ಸರಿದು, ನಮ್ಮ ಹದಿನೈದು ದಿನಗಳನ್ನು ಅಳಿಸಿಹೋಯಿತೆನ್ನಬೇಕು.

ಟೆಲಿಪ್ರಿಂಟರಿನ ಮಾತು ಬಂತು. ಅದನ್ನು ಇನ್ನಷ್ಟು ಹೇಳದೆ ಮುಂದೆ ಹೋಗುವಂತಿಲ್ಲ. ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಕೆನ್ ಥಾಮ್ಸನ್, ಡೆನಿಸ್ ರಿಚಿ ಇಬ್ಬರೂ ಅದರ ಮುಖ್ಯ ಶಿಲ್ಪಿಗಳು. ಗಣಕ ಉತ್ತರ ಕೊಡುತ್ತಿದ್ದುದು ಟೆಲಿಟೈಪಿನ ಕಾಗದದ ಸುರುಳಿಯ ಮೇಲೆ. ಮಾಡಲ್ 33 ಎಂಬ ಆ ಯಂತ್ರ ಸೆಕೆಂಡಿಗೆ 10 ಅಕ್ಷರಗಳನ್ನು ಅಚ್ಚುಮಾಡುತ್ತಿತ್ತು. ಅರವತ್ತು ಅಕ್ಷರದ ಒಂದು ವಾಕ್ಯವನ್ನು ಗಣಕ ಆಡಿ ಮುಗಿಸುವುದಕ್ಕೆ ಆರು ಸೆಕೆಂಡು, ಅದೂ ಕಿವಿ ತೂತಾಗುವ ಕಟಕಟ ಸದ್ದಿನೊಡನೆ. ಅಂಥಲ್ಲಿ ಮಿತಭಾಷೆ ಗುಣವಾಗಿತ್ತು. ಕೆಲಸ ಸರಿಯಾಗಿ ಆದರೆ ಯೂನಿಕ್ಸ್ ಏನೂ ಹೇಳುವುದಿಲ್ಲ, ಮೌನವೇ ಸಮ್ಮತಿಲಕ್ಷಣ. ಕೆಲಸ ಕೆಟ್ಟರೆ ಒಂದೆರಡು ಮಾತು. ಕೆನ್ ಥಾಮ್ಸನ್ ಬರೆದ 'ಎಡ್' ಎಂಬ ಬರಹ ತಿದ್ದುವ ಪ್ರೋಗ್ರಾಂ ಒಂದೆರಡು ಮಾತನ್ನೂ ಆಡುತ್ತಿರಲಿಲ್ಲ. ತಪ್ಪು ಏನೇ ಇರಲಿ, ಅದರ ಉತ್ತರ ಒಂದೇ: ಒಂದು ಪ್ರಶ್ನಾರ್ಥಕ ಚಿಹ್ನೆ. ಆಜ್ಞೆಯ ಅಕ್ಷರ ತಪ್ಪಾದರೂ ಅದೇ, ಹುಡುಕಿದ ಪದ ಸಿಗದಿದ್ದರೂ ಅದೇ. ಥಾಮ್ಸನ್ ಅವರ ಮೋಟಾರು ಕಾರಿನಲ್ಲಿ ಪೆಟ್ರೋಲು, ಎಣ್ಣೆ, ವೇಗ ಯಾವುದನ್ನೂ ತೋರಿಸುವ ಮುಳ್ಳುಗಳಿಲ್ಲವೆಂದೂ, ಏನು ಕೆಟ್ಟರೂ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಬೆಳಗುತ್ತದೆಂದೂ, ಅನುಭವಿ ಚಾಲಕನಿಗೆ ಕೆಟ್ಟದ್ದೇನೆಂದು ತಾನೇ ತಿಳಿಯುತ್ತದೆಂದೂ ಆ ವೃತ್ತಿಯವರಲ್ಲಿ ಒಂದು ಹಳೆಯ ತಮಾಷೆಯಿದೆ. 'ಎಡ್' ಮುಂದೆ ಸ್ವಲ್ಪ ಮೆತ್ತಗಾಯಿತು; ಪ್ರಶ್ನೆಯ ಅರ್ಥವೇನೆಂದು ಎಚ್ ಅಕ್ಷರ ಒತ್ತಿ ಕೇಳಿದರೆ ಬಿಡಿಸಿ ಹೇಳುವ ಸೌಲಭ್ಯ ಬಂತು. ಕೇಳಬಹುದೆಂಬುದು ಗೊತ್ತಿದ್ದವರಿಗೆ ಮಾತ್ರ.

ನಗುವುದು ಸುಲಭ. ಆ ಪ್ರಯೋಗಶಾಲೆಯಲ್ಲಿ ಗಣಕವನ್ನು ಬಳಸುತ್ತಿದ್ದವರು ಅದನ್ನು ಕಟ್ಟಿದವರು ಮತ್ತು ಅವರ ಪಕ್ಕದ ಕೊಠಡಿಯವರು. ಮನೆಯೊಳಗಿನ ಮಾತಿಗೆ ವ್ಯಾಕರಣ ಬೇಕಿಲ್ಲ. ಅಡುಗೆಮನೆಯಿಂದ 'ಅದು ಮುಗೀತು' ಎಂಬ ಕೂಗು ಬಂದರೆ ಮುಗಿದದ್ದು ಸಕ್ಕರೆಯೋ ಕಾಫಿಪುಡಿಯೋ ಮನೆಯವರಿಗೆ ಗೊತ್ತು. ತೊಡಕು ಹುಟ್ಟಿದ್ದು ಆ ಮನೆಮಾತು ಲೋಕಕ್ಕೆಲ್ಲ ಹರಡಿದಾಗ.

ಈಗ ಬೆರಳಚ್ಚು ಯಂತ್ರದ ಒಗಟಿಗೆ ಬರೋಣ. ಒಂದು ದೊಡ್ಡ ಕಚೇರಿಯನ್ನು ಊಹಿಸಿಕೊಳ್ಳಿ. ಪ್ರೋಗ್ರಾಮುಗಳು ಅರ್ಜಿ ಹಿಡಿದು ಬರುವವರು, ಕರ್ನೆಲ್ ಒಳಗಿನ ಗುಮಾಸ್ತ. ಅರ್ಜಿ ನಡೆಯದಿದ್ದರೆ ಆತ ಕಾಗದವನ್ನು ಹಿಂದಕ್ಕೆ ತಳ್ಳಿ, ಪಕ್ಕದಲ್ಲಿ ತೂಗುಹಾಕಿದ ಸ್ಲೇಟಿನ ಮೇಲೆ ಒಂದು ಅಂಕಿಯನ್ನು ಬರೆಯುತ್ತಾನೆ. 2 ಎಂದರೆ ಅಂಥ ಕಡತವಿಲ್ಲ, 13 ಎಂದರೆ ಅನುಮತಿಯಿಲ್ಲ, 28 ಎಂದರೆ ಜಾಗವಿಲ್ಲ. ಈ ಸ್ಲೇಟಿಗೆ 'ಎರ್ನೋ' ಎಂದು ಹೆಸರು. 1979ರ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಈ ಅಂಕಿಗಳು 34 ಇದ್ದವು. ಇಂದಿನ ಲಿನಕ್ಸಿನಲ್ಲಿ 130ಕ್ಕೆ ಮಿಕ್ಕಿವೆ. ಜಗತ್ತಿನಲ್ಲಿ ಗಣಕಕ್ಕೆ ಒದಗಬಹುದಾದ ಎಲ್ಲ ಕೇಡುಗಳೂ ಈ ನೂರಮೂವತ್ತು ಚಿಲ್ಲರೆ ಮಾತುಗಳಲ್ಲಿ ಅಡಕವಾಗಬೇಕು. ಅರ್ಜಿ ನಡೆದರೆ ಗುಮಾಸ್ತ ಸ್ಲೇಟಿನ ಗೊಡವೆಗೆ ಹೋಗುವುದಿಲ್ಲ, ಹಿಂದಿನ ಅಂಕಿಯನ್ನು ಒರೆಸುವುದೂ ಇಲ್ಲ. ಇದನ್ನು ನೆನಪಿನಲ್ಲಿಡಿ.

ಯಾವುದಾದರೂ ಪ್ರೋಗ್ರಾಂ ಬರೆಯಲು ಹೊರಟಾಗ, ತಾನು ಬರೆಯುತ್ತಿರುವುದು ಮನುಷ್ಯನ ಮುಂದಿರುವ ಟೆಲಿಟೈಪಿನ ಮೇಲೋ, ಡಿಸ್ಕಿನ ಕಡತದೊಳಕ್ಕೋ ಎಂಬುದನ್ನು ತಿಳಿಯಬೇಕಾಗುತ್ತದೆ. ಮನುಷ್ಯ ಕಾಯುತ್ತಿದ್ದರೆ ಸಾಲುಸಾಲಾಗಿ ಕೊಡಬೇಕು. ಕಡತವಾದರೆ ಒಟ್ಟುಗೂಡಿಸಿ ಒಮ್ಮೆಗೆ ಸುರಿಯಬಹುದು. ಆದ್ದರಿಂದ ಅದರ ಪರವಾಗಿ ಗ್ರಂಥಭಂಡಾರದ ಒಂದು ಭಾಗ ಮೆಲ್ಲಗೆ ಕೇಳುತ್ತದೆ: 'ನೀನು ಬೆರಳಚ್ಚು ಯಂತ್ರವೆ?' ಕಡತವಾದರೆ ಗುಮಾಸ್ತ ಸ್ಲೇಟಿನ ಮೇಲೆ 25 ಎಂದು ಬರೆಯುತ್ತಾನೆ: ಬೆರಳಚ್ಚು ಯಂತ್ರವಲ್ಲ. ಇದು ತಪ್ಪೇ ಅಲ್ಲ, ಕೇಳಿದ ಪ್ರಶ್ನೆಗೆ ಉತ್ತರ. ಕೆಲಸ ಮುಂದೆ ಸಾಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಬೇರೆಲ್ಲೋ ಇನ್ನೇನೋ ಕೆಡುತ್ತದೆ, ಉದಾಹರಣೆಗೆ ವಿಳಾಸದಲ್ಲಿ ಹೇಳಿದ ವ್ಯಕ್ತಿ ಆ ಗಣಕದಲ್ಲಿಲ್ಲ. ಈ ಕೇಡು ಗುಮಾಸ್ತನವರೆಗೆ ಹೋದದ್ದಲ್ಲವಾದ್ದರಿಂದ ಸ್ಲೇಟಿನ ಮೇಲೆ ಹೊಸದೇನೂ ಬಿದ್ದಿಲ್ಲ. ಪ್ರೋಗ್ರಾಂ ಬರೆದವನು ಅವಸರದಲ್ಲಿ, 'ತಪ್ಪಾಯಿತೆ? ಸ್ಲೇಟು ನೋಡಿ ಓದಿಬಿಡು' ಎಂದು ಬರೆದಿಟ್ಟಿದ್ದಾನೆ. ಸ್ಲೇಟಿನ ಮೇಲೆ ಬೆಳಗಿನ 25 ಹಾಗೆಯೇ ಇದೆ. ನಮ್ಮ ಸೋದರಮಾವ ಬೆರಳಚ್ಚು ಯಂತ್ರವಲ್ಲವೆಂಬ ಷರಾ ಬಂದದ್ದು ಹೀಗೆ. ಸ್ಲೇಟು ಖಾಲಿಯಿದ್ದಾಗ ಇದೇ ಅಜಾಗರೂಕತೆ ಇನ್ನೊಂದು ರೂಪ ತಾಳುತ್ತದೆ. ಸೊನ್ನೆ ಎಂದರೆ ಕೇಡಿಲ್ಲ. ಆದ್ದರಿಂದ ಲಿನಕ್ಸಿನ ಪರದೆಯ ಮೇಲೆ 'ಎರರ್: ಸಕ್ಸೆಸ್' ಎಂದು ಮೂಡುತ್ತದೆ. ದೋಷ: ಜಯ. ವೇದಾಂತಿಗಳು ಇದರ ಮೇಲೆ ಒಂದು ಗಂಟೆ ಪ್ರವಚನ ಮಾಡಬಹುದು.

'ಬೆರಳಚ್ಚು ಯಂತ್ರವಲ್ಲ' ಎಂಬ ಮಾತನ್ನು ಮುಂದೆ ಬದಲಾಯಿಸಿದರು. ಅದರ ಜಾಗದಲ್ಲಿ ಈಗ ಬರುವುದು 'ಇನ್‌ಅಪ್ರೋಪ್ರಿಯೇಟ್ ಐಓಸಿಟಿಎಲ್ ಫಾರ್ ಡಿವೈಸ್.' ಈ ಉಪಕರಣಕ್ಕೆ ಆ ನಿಯಂತ್ರಣ ತಕ್ಕುದಲ್ಲ ಎಂದು ಸುಮಾರಾಗಿ ಹೇಳಬಹುದು. ಅಂಕಿ ಅದೇ 25. ನನ್ನನ್ನು ಕೇಳಿದರೆ ಹಳೆಯದೇ ಮೇಲು. ಅದು ಸುಳ್ಳಾದರೂ ಅರ್ಥವಾಗುವ ಸುಳ್ಳಾಗಿತ್ತು.

ಹೀಗೆ ವಸ್ತು ಹೋಗಿ ಶಬ್ದ ಉಳಿದಿರುವ ಉದಾಹರಣೆಗಳು ಈ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ನಿಘಂಟು ಪ್ರಿಯರಿಗೆ ಇಷ್ಟವಾಗಬಹುದಾದ ಒಂದೆರಡನ್ನು ಹೇಳುತ್ತೇನೆ. ಪ್ರೋಗ್ರಾಂ ತನಗೆ ಸೇರದ ನೆನಪಿನ ಜಾಗಕ್ಕೆ ಕೈಹಾಕಿ ಸತ್ತಾಗ 'ಕೋರ್ ಡಂಪ್ಡ್' ಎಂಬ ಮಾತು ಬರುತ್ತದೆ. ಕೋರ್ ಎಂದರೆ ಫೆರೈಟಿನ ಪುಟ್ಟಪುಟ್ಟ ಉಂಗುರಗಳು. ಅವನ್ನು ತಂತಿಯಲ್ಲಿ ಪೋಣಿಸಿ, ಅವುಗಳ ಕಾಂತಗುಣದಿಂದ ನೆನಪನ್ನು ಹಿಡಿದಿಡುತ್ತಿದ್ದ ಕಾಲವೊಂದಿತ್ತು. 1970ರ ದಶಕದಲ್ಲಿ ಸಿಲಿಕಾನ್ ಬಂದು ಉಂಗುರಗಳು ಹೋದವು, ಹೆಸರು ನಿಂತಿತು. 'ಟೆಕ್ಸ್ಟ್ ಫೈಲ್ ಬ್ಯುಸಿ' ಎಂಬ ಇನ್ನೊಂದಿದೆ. ಸಾಹಿತ್ಯದವರಿಗೆ ಟೆಕ್ಸ್ಟ್ ಎಂದರೆ ಪಠ್ಯ. ಯೂನಿಕ್ಸಿನವರಿಗೆ ಇಲ್ಲಿ ಟೆಕ್ಸ್ಟ್ ಎಂದರೆ ಪ್ರೋಗ್ರಾಮಿನ ಯಂತ್ರಾಜ್ಞೆಗಳ ಭಾಗ, ಮನುಷ್ಯಮಾತ್ರದವರು ಓದಲಾಗದಂಥದು. ನಡೆಯುತ್ತಿರುವ ಪ್ರೋಗ್ರಾಮನ್ನು ತಿದ್ದಲು ಹೋದರೆ 'ಪಠ್ಯ ಕೆಲಸದಲ್ಲಿದೆ' ಎಂಬ ಉತ್ತರ.

'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್' ಎಂಬುದನ್ನು ನಮ್ಮ ಗ್ರಂಥಾಲಯದ ಹೆಣ್ಣುಮಗಳಿಗೆ ವಾದಗಳ ಪಟ್ಟಿ ತೀರ ಉದ್ದವಾಯಿತು ಎಂದು ಕನ್ನಡಿಸಿ ಹೇಳಿದಾಗ, "ನಾನೆಲ್ಲಿ ವಾದ ಮಾಡಿದೆ, ಮೇಷ್ಟ್ರೆ?" ಎಂದಳು. ಆಜ್ಞೆಯ ಜೊತೆಗೆ ಕೊಡುವ ಹೆಸರುಗಳಿಗೆ ಗಣಿತದ ಪರಿಭಾಷೆಯಲ್ಲಿ ಆರ್ಗ್ಯುಮೆಂಟ್ ಎನ್ನುತ್ತಾರೆ. 'ಇಲ್ಲಿರುವುದೆಲ್ಲವನ್ನೂ ಅಳಿಸು' ಎಂಬರ್ಥದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ, ಆ ಒಂದು ನಕ್ಷತ್ರ ಒಳಗೆ ಹೋಗುವಷ್ಟರಲ್ಲಿ ಅಲ್ಲಿರುವ ಎಲ್ಲ ಕಡತಗಳ ಹೆಸರುಗಳಾಗಿ ಬಿಚ್ಚಿಕೊಳ್ಳುತ್ತದೆ. ಕಡತಗಳು ಲಕ್ಷಗಟ್ಟಲೆ ಇದ್ದರೆ ಆ ಪಟ್ಟಿಯ ಉದ್ದ ಮಿತಿಯನ್ನು ಮೀರುತ್ತದೆ. ಬರೆದದ್ದು ಒಂದು ಚುಕ್ಕೆ. ಬಂದ ಆಕ್ಷೇಪಣೆ, ನಿನ್ನ ಮಾತು ಅತಿಯಾಯಿತು ಎಂದು.

ಇವೆಲ್ಲ ಶಬ್ದದ ತೊಡಕು. ಇನ್ನು ಕೆಲವು ಅರ್ಥದಲ್ಲಿಯೇ ವಂಚಿಸುತ್ತವೆ. ಒಂದು ಅಂಕಿಯನ್ನು ಹಲವು ಕಾರಣಗಳಿಗೆ ಬಳಸಿದ್ದರಿಂದ ಬಂದದ್ದಿದು. 28, ಡಿಸ್ಕಿನಲ್ಲಿ ಜಾಗವಿಲ್ಲ. ನೋಡಿದರೆ ಅರ್ಧ ಡಿಸ್ಕು ಖಾಲಿಯಿದೆ. ಕಾರಣ, ಪ್ರತಿ ಕಡತಕ್ಕೂ ಒಂದೊಂದು ನೋಂದಣಿ ಚೀಟಿ ಬೇಕು, ಐನೋಡ್ ಎಂದು ಅದರ ಹೆಸರು. ಹಲವು ಬಗೆಯ ಡಿಸ್ಕು ವ್ಯವಸ್ಥೆಗಳಲ್ಲಿ ಅವುಗಳ ಸಂಖ್ಯೆ ಮೊದಲೇ ಗೊತ್ತುಮಾಡಿರುತ್ತದೆ. ಸಣ್ಣಸಣ್ಣ ಕಡತಗಳು ಅಸಂಖ್ಯವಾದಾಗ ಚೀಟಿಗಳು ಮುಗಿಯುತ್ತವೆ. ಉಗ್ರಾಣದಲ್ಲಿ ಜಾಗವಿದ್ದರೂ ದಾಖಲೆ ಪುಸ್ತಕದಲ್ಲಿ ಹಾಳೆಯಿಲ್ಲ. ಲಿನಕ್ಸಿನಲ್ಲಿ ಕಡತಗಳು ಬದಲಾಗುವುದನ್ನು ಕಾದುನೋಡುವ ಇನೋಟಿಫೈ ಎಂಬ ಕಾವಲಿನ ವ್ಯವಸ್ಥೆಯಿದೆ. ಒಬ್ಬರು ಇಡಬಹುದಾದ ಕಾವಲುಗಾರರ ಮಿತಿ ಮೀರಿದಾಗಲೂ ಬರುವ ಉತ್ತರ ಅದೇ: ಡಿಸ್ಕಿನಲ್ಲಿ ಜಾಗವಿಲ್ಲ. ಡಿಸ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ನಂಬಿ, ಬೇಕಾದ ಕಡತಗಳನ್ನು ಅಳಿಸಿ ಜಾಗ ಮಾಡಲು ಹೊರಡುವವರ ಪಾಡು ನೆನೆದರೆ, ನಮ್ಮ ಗ್ರಂಥಾಲಯದ ಪ್ರಸಂಗ ಒಂಟಿಯಾದದ್ದಲ್ಲವೆನಿಸುತ್ತದೆ. ನೆನಪಿನ ಜಾಗ ನಿಜವಾಗಿಯೇ ಮುಗಿದಾಗ ಲಿನಕ್ಸ್ ಯಾವುದಾದರೊಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ. ಆಗ ಪರದೆಯ ಮೇಲೆ ಬರುವುದು 'ಕಿಲ್ಡ್' ಎಂಬ ಒಂದೇ ಪದ. ಕೊಂದವರಾರು, ಏಕೆ ಎಂಬುದು ಕರ್ನೆಲ್ಲಿನ ದಿನಚರಿಯಲ್ಲಿರುತ್ತದೆ, ಹುಡುಕಿ ನೋಡುವವರಿಗೆ.

ಕೊಲೆಯ ಮಾತು ಬಂದದ್ದರಿಂದ ಧ್ವನಿಯ ಬಗ್ಗೆಯೂ ಹೇಳಬೇಕು. ಮಾರಕ, ಅಕ್ರಮ, ನಿಷಿದ್ಧ, ಗರ್ಭಪಾತ: ಕಪ್ಪು ಪರದೆಯ ಶಬ್ದಭಂಡಾರ ಆರಕ್ಷಕ ಠಾಣೆಯನ್ನೂ ಶಸ್ತ್ರಚಿಕಿತ್ಸಾಲಯವನ್ನೂ ನೆನಪಿಗೆ ತರುತ್ತದೆ. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ಎಂಬ ಉಪಕರಣ ಬರಹದ ಹಿಂದಿನ ರೂಪಗಳನ್ನೆಲ್ಲ ಕಾದಿಡುತ್ತದೆ, ಬಹು ಉಪಯುಕ್ತವಾದದ್ದು. ಹಳೆಯದೊಂದು ರೂಪವನ್ನು ನೋಡೋಣವೆಂದು ಅಲ್ಲಿಗೆ ಹೋದರೆ, 'ನೀವು ಡಿಟ್ಯಾಚ್ಡ್ ಹೆಡ್ ಸ್ಥಿತಿಯಲ್ಲಿದ್ದೀರಿ' ಎನ್ನುತ್ತದೆ. ರುಂಡ ಮುಂಡದಿಂದ ಬೇರೆಯಾಗಿದೆಯಂತೆ! ಹಾನಿ ಏನೂ ಆಗಿಲ್ಲ. ಸದ್ಯ ನೀವು ಯಾವ ಕವಲಿನ ತುದಿಯಲ್ಲೂ ನಿಂತಿಲ್ಲ ಎಂದಷ್ಟೇ ಅದರ ಅರ್ಥ. ಜೊತೆಗೆ ಹತ್ತು ಸಾಲಿನ ವಿವರಣೆಯನ್ನೂ ಕೊಡುತ್ತದೆ, ನಿಜ. ಆದರೆ ತಲೆ ಹೋಯಿತೆಂದು ಕೇಳಿದವನು ಹತ್ತು ಸಾಲು ಓದುವ ಸಮಾಧಾನದಲ್ಲಿರುವುದಿಲ್ಲ.

ಇದನ್ನು ಯಾರೂ ಯೋಚಿಸಲಿಲ್ಲವೆಂದಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ 1982ರಲ್ಲಿಯೇ ಈ ಬಗ್ಗೆ ಒಂದು ಲೇಖನ ಬರೆದರು. ಸಂದೇಶ ನಿರ್ದಿಷ್ಟವಾಗಿರಬೇಕು, ಬಳಸುವವನನ್ನು ಗದರಿಸಬಾರದು, ಮುಂದಿನ ಹೆಜ್ಜೆಯನ್ನು ತೋರಿಸಬೇಕು ಎಂಬುದು ಅವರ ವಾದ. ಇಂಥ ಮಾತು ನಡೆಗೆ ಬರಲು ದಶಕಗಳು ಹಿಡಿದವು. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಎಲ್ಮ್ ಎಂಬುದು 2015ರಲ್ಲಿ ತನ್ನ ದೋಷಸಂದೇಶಗಳನ್ನು ಮನುಷ್ಯರ ಮಾತಿನಲ್ಲಿ ತಿದ್ದಿ ಬರೆಯಿತು: ನೀವು ಬರೆದ ಸಾಲು ಇದು, ನನಗೆ ತೊಡಕಾದ ಜಾಗ ಇದು, ಬಹುಶಃ ನಿಮ್ಮ ಉದ್ದೇಶ ಇದಿರಬಹುದು. ಮರುವರ್ಷ ರಸ್ಟ್ ಎಂಬ ಭಾಷೆಯೂ ಅದೇ ಹಾದಿ ಹಿಡಿಯಿತು. ಅದು ತಪ್ಪಿದ ಪದದ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯುವುದನ್ನು ನೋಡಿದಾಗ ಒಳ್ಳೆಯ ಮೇಷ್ಟರು ತಿದ್ದಿದ ಪ್ರಬಂಧದ ನೆನಪಾಗುತ್ತದೆ. ನಮ್ಮನ್ನು ಕಾಡಿದ ತೊಡಕೂ ಕೊಂಚ ಸಡಿಲಿದೆ. ಬ್ಯಾಷ್ ಎಂಬ ಆಜ್ಞಾಪಾಲಕ ಪ್ರೋಗ್ರಾಮಿನ ಇತ್ತೀಚಿನ ಆವೃತ್ತಿಗಳು ಇಂಥ ಸಂದರ್ಭದಲ್ಲಿ 'ನಡೆಸಲಾರೆ: ಬೇಕಾದ ಕಡತ ಸಿಗಲಿಲ್ಲ' ಎಂಬರ್ಥದ ಮಾತನ್ನಾಡುತ್ತವೆ. ಬೇಕಾದದ್ದು ಯಾವುದೆಂದು ಈಗಲೂ ಹೇಳುವುದಿಲ್ಲ. ಆದರೆ ಕರೆದ ಕಡತವೇ ಇಲ್ಲವೆಂದೂ ಹೇಳುವುದಿಲ್ಲ. ನಮಗೆ ಅಂದು ಅಷ್ಟೇ ಸಾಕಿತ್ತು.

ಹಳೆಯ ಮಾತುಗಳನ್ನೆಲ್ಲ ಒಮ್ಮೆಗೇ ಏಕೆ ಬದಲಾಯಿಸಬಾರದೆಂದು ತಾವು ಕೇಳಬಹುದು. ಅಡ್ಡಿ ಎರಡು. ಎಷ್ಟೋ ಪ್ರೋಗ್ರಾಮುಗಳು ಇನ್ನೊಂದು ಪ್ರೋಗ್ರಾಮಿನ ದೋಷಸಂದೇಶವನ್ನು ಅಕ್ಷರಶಃ ಓದಿ ಮುಂದಿನ ಕೆಲಸ ನಿರ್ಧರಿಸುತ್ತವೆ. ಒಂದು ಪದ ಬದಲಾದರೆ ಅವು ಕೆಡುತ್ತವೆ. ಎರಡನೆಯದು ಇನ್ನೂ ಆಳವಾದದ್ದು. ಕೇಡು ನಡೆದ ಜಾಗದಲ್ಲಿರುವವನಿಗೆ ಏನಾಯಿತೆಂದು ಗೊತ್ತು, ಅದು ಯಾರ ಯಾವ ಉದ್ದೇಶವನ್ನು ಕೆಡಿಸಿತೆಂದು ಗೊತ್ತಿಲ್ಲ. ಉದ್ದೇಶ ಬಲ್ಲ ಮೇಲಿನವನಿಗೆ ಕೆಳಗಿನಿಂದ ಬರುವುದು ಒಂದು ಅಂಕಿ. ವ್ಯಾಖ್ಯಾನಕಾರರ ಮನೆಯ ಬಾಗ್ಲಲ್ಲಿ ನಿಂತ ಕರ್ನೆಲ್ಲಿಗೆ, ಹುಡುಕಿದ್ದು ಯಾರನ್ನೆಂದು ಗೊತ್ತಿತ್ತು. ಅದು ಸ್ಲೇಟಿನ ಮೇಲೆ ಬರೆಯಬಹುದಾಗಿದ್ದದ್ದು 2 ಒಂದೇ. ಗೊತ್ತಿದ್ದದ್ದು ದಾರಿಯಲ್ಲಿ ಉದುರಿಹೋಯಿತು.

ಗ್ರಂಥಾಲಯದ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಸ್ಕ್ರಿಪ್ಟಿನ ಅದೃಶ್ಯಾಕ್ಷರಗಳನ್ನು ತೆಗೆದದ್ದು ಒಂದು ನಿಮಿಷದ ಕೆಲಸ. ಅಳಿದ ನಮೂದುಗಳು ಬರಲಿಲ್ಲ. ದಾನವಾಗಿ ಬಂದ ಪುಸ್ತಕಗಳು ಅಷ್ಟರಲ್ಲಿ ಬೇರೆಬೇರೆ ಕಪಾಟು ಸೇರಿದ್ದವು. ಕೆಲವನ್ನು ಓದುಗರು ಒಯ್ದಿದ್ದರು. ಹನ್ನೊಂದು ಪುಸ್ತಕಗಳು ರಟ್ಟು ಕಟ್ಟಲು ಹೋಗಿದ್ದವು. ಆಕೆ ಒಂದೊಂದನ್ನೇ ಹುಡುಕಿ ಹೊರತೆಗೆದು, ಸೀಸದಕಡ್ಡಿಯ ಟಿಪ್ಪಣಿಗಳನ್ನು ಎರಡನೆಯ ಬಾರಿ ಓದಿ ಬರೆದಳು. ರಟ್ಟಿನವರು ಪುಸ್ತಕದ ಅಂಚುಗಳನ್ನು ಒಂದಿಷ್ಟು ಕತ್ತರಿಸಿ ಕಳಿಸಿದ್ದರಿಂದ ಆ ಹನ್ನೊಂದರಲ್ಲಿ ಕೆಲವು ಸಾಲುಗಳು ಅರ್ಧ ಮಾತ್ರ ಉಳಿದಿವೆ. ಮೊದಲ ಸಲ ಅವನ್ನು ಪೂರ್ತಿಯಾಗಿ ಓದಿ ಗಣಕಕ್ಕೆ ಏರಿಸಿದವಳು ಆಕೆಯೇ. ನೆನಪಿದ್ದಷ್ಟನ್ನು ಬರೆದು, ಪಕ್ಕದಲ್ಲಿ 'ಊಹೆ' ಎಂದು ಗುರುತು ಹಾಕಿದ್ದಾಳೆ.